ಕೋಣೆಯೊಳಗೆ ಆಟಿಯ ಮಳೆ

ಕಳೆದ ವರ್ಷ ಜೋರು ಮಳೆಯ ಆಟಿ ತಿಂಗಳಲ್ಲಿ ಒಂದು ದಿನ ಬೆಳಿಗ್ಗೆ ಏಳು ಗಂಟೆಗೆ ಭಾವನ ಫೋನು. "ಒಮ್ಮೆ ಬಂದು ನೋಡಿ ಹೋಗು ಮಾರಾಯ. ಹೊರಗೆ ಮಳೆ ಬಿಟ್ಟಿದೆ, ಒಳಗೆ ಹೊಯ್ತಾ ಇದೆ." ಮಾಡು ಸೋರುತ್ತಿರಬೇಕು ಅಂದುಕೊಂಡು ಕಾಸರಗೋಡು ಕಡೆಯ ಬದಿಯಡ್ಕದಿಂದ ಬೈಕು ಹತ್ತಿದೆ. ಹೋಗಿ ನೋಡಿದರೆ ಮಾಡಿನಲ್ಲಿ ಏನೂ ಇಲ್ಲ. ಅಡಿಕೆ ಸುಲಿಯುವ ಹಳೇ ಶೆಡ್ಡಿನೊಳಗೆ ನಡುವೆ ಫೋಮು ತುಂಬಿದ ಪಫ್ ಪ್ಯಾನೆಲಿನಿಂದ ಕೋಣೆ ಕಟ್ಟಿಸಿ, ಎಲ್‌ಇಡಿ ದೀಪದಡಿ ಲೆಟ್ಯೂಸ್ ಸೊಪ್ಪು ಬೆಳೆಸಲು ಹೊರಟಿದ್ದರು ಭಾವ. ಆ ಕೋಣೆಯ ಒಳಸೂರಿನ ತುಂಬ ಬೆವರಿನ ಹಾಗೆ ಹನಿ. ಒಂದೊಂದೇ ಹನಿ ಪಕ್ಕದ್ದನ್ನು ಕೂಡಿಕೊಂಡು ದಪ್ಪವಾಗಿ ಸೊಪ್ಪಿನ ಮೇಲೆ ಟಪ್ ಎಂದು ಬೀಳುತ್ತಿತ್ತು. ಗೋಡೆಯಲ್ಲಿದ್ದ ಎಸಿ 23 ಡಿಗ್ರಿ ತೋರಿಸುತ್ತಾ ಸುಮ್ಮನೆ ಕೂತಿತ್ತು.

"ಎಸಿ ಸರಿ ಉಂಟಲ್ಲ, 24 ಇಟ್ಟದ್ದಕ್ಕೆ 23 ತೋರಿಸ್ತದೆ," ಅಂದರು ಭಾವ.

"ಅದೇ ತೊಂದರೆ ಭಾವ," ಅಂದೆ.

ನಾನು ಫ್ರಿಜ್, ಎಸಿ, ಕೋಲ್ಡ್ ಸ್ಟೋರೇಜಿನ ಕೆಲಸದವನು. ಕೃಷಿ ಗೊತ್ತಿರುವುದು ತೋಟದ ಮನೆಯಲ್ಲಿ ಹುಟ್ಟಿದ್ದರಿಂದ ಅಷ್ಟೇ. ಮುಚ್ಚಿದ ಕೋಣೆಯ ಬೆಳೆ ಎಂಬುದು ಈ ಎರಡೂ ಸೇರುವ ಜಾಗ ಎಂದು ತಿಳಿದದ್ದು ಭಾವನ ಶೆಡ್ಡಿನಲ್ಲಿ. ನಮ್ಮ ಕಡೆ ಇಂಥ ಕೋಣೆ ಕಟ್ಟಬೇಕೆಂದು ಕೇಳಿಕೊಂಡು ಬರುವವರು ಈಗ ಇಬ್ಬರು ಮೂವರು ಇದ್ದಾರೆ. ಒಬ್ಬರಿಗೆ ಬೇಕಲದ ರೆಸಾರ್ಟುಗಳಿಗೆ ಸೊಪ್ಪು ಕೊಡುವ ಆಸೆ, ಇನ್ನೊಬ್ಬರಿಗೆ ಮಂಗಳೂರಿನ ಹೋಟೆಲುಗಳದ್ದು. ಎಲ್ಲರ ಮೊದಲ ಪ್ರಶ್ನೆಯೂ ಒಂದೇ: "ಎಷ್ಟು ಟನ್ನಿನ ಎಸಿ ಬೇಕು?" ಟನ್ನಿನ ಲೆಕ್ಕವನ್ನು ಆಮೇಲೆ ಹೇಳುತ್ತೇನೆ. ಮೊದಲು ಕೇಳಬೇಕಾದದ್ದು, ದಿನಕ್ಕೆ ಎಷ್ಟು ಲೀಟರ್ ನೀರನ್ನು ಆ ಕೋಣೆಯಿಂದ ಹೊರಗೆ ಹೊರಬೇಕು ಎಂದು.

ಈ ವಿದ್ಯೆಯನ್ನು ಹಣ ಕಳೆದುಕೊಂಡು ಕಲಿತವರು ಲೆಟ್ಯೂಸಿನವರಲ್ಲ, ಗಾಂಜಾದವರು. ಕೆನಡಾದಲ್ಲಿ 2018ರ ಅಕ್ಟೋಬರ್ 17ರಿಂದ ಗಾಂಜಾ ಕಾನೂನುಬದ್ಧ. ಅಲ್ಲಿ ಲೈಸೆನ್ಸು ಪಡೆದು ಗೋದಾಮಿನಷ್ಟು ದೊಡ್ಡ ಕೋಣೆಗಳಲ್ಲಿ ಬೆಳೆಸುತ್ತಾರೆ. ನನ್ನ ಅತ್ತೆಯ ಮಗನೊಬ್ಬ ಅಂಥ ಒಂದು ಕಡೆ ತಂಪಿನ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಾನೆ. ಮನೆಯಲ್ಲಿ ಅತ್ತೆ "ಮಗ ಔಷಧಿ ಕಂಪೆನಿಯಲ್ಲಿ" ಎಂದು ಹೇಳುತ್ತಾರೆ, ಅದು ಬೇರೆ ಮಾತು. ನಮ್ಮಲ್ಲಿ 1985ರ ಎನ್‌ಡಿಪಿಎಸ್ ಎಂಬ ಮಾದಕ ವಸ್ತು ಕಾಯಿದೆಯ ಪ್ರಕಾರ ಗಾಂಜಾ ಬೆಳೆಸುವುದು ಜೈಲಿಗೆ ಹೋಗುವ ಅಪರಾಧ, ಆದ್ದರಿಂದ ಇಲ್ಲಿ ಹೇಳುವುದೆಲ್ಲ ಸೊಪ್ಪಿನ ಲೆಕ್ಕವೇ. ಆದರೆ ಭೌತಶಾಸ್ತ್ರಕ್ಕೆ ಯಾವ ಗಿಡ ಎಂಬುದು ಗೊತ್ತಿಲ್ಲ. ಅಮೆರಿಕದ ಇವಾನ್ ಮಿಲ್ಸ್ ಎಂಬ ಸಂಶೋಧಕರು 2012ರಲ್ಲಿ ಕೋಣೆಯೊಳಗಿನ ಗಾಂಜಾ ಬೆಳೆ ನುಂಗುವ ಕರೆಂಟನ್ನು ಅಂದಾಜು ಮಾಡಿದ್ದರು. ಇಡೀ ಅಮೆರಿಕದ ವಿದ್ಯುತ್ತಿನಲ್ಲಿ ಸುಮಾರು ನೂರಕ್ಕೆ ಒಂದು ಪಾಲು ಎಂಬ ಆ ಲೆಕ್ಕ ಆಗ ಸುದ್ದಿಯಾಗಿತ್ತು. ನನಗೆ ಅದಕ್ಕಿಂತ ಕುತೂಹಲ ಹುಟ್ಟಿಸಿದ್ದು ಅದರ ಒಳಗಿನ ಹಂಚಿಕೆ. ದೀಪಕ್ಕೆ ಹೋಗುತ್ತಿದ್ದದ್ದು ಮೂರರಲ್ಲಿ ಒಂದು ಪಾಲು ಮಾತ್ರ. ಉಳಿದದ್ದರಲ್ಲಿ ಹೆಚ್ಚಿನದು ಗಾಳಿ ಆಡಿಸಲಿಕ್ಕೆ, ಪಸೆ ತೆಗೆಯಲಿಕ್ಕೆ, ತಂಪು ಮಾಡಲಿಕ್ಕೆ.

ಬೆಳಕಿನಿಂದ ಶುರು ಮಾಡೋಣ, ಎಲ್ಲ ಹೊರೆಯೂ ಹುಟ್ಟುವುದು ಅಲ್ಲಿಂದಲೇ. ದೀಪ ಕೊಳ್ಳುವಾಗ ಅಂಗಡಿಯವರು ಲುಮೆನ್, ಲಕ್ಸ್ ಎಂದು ಹೇಳುತ್ತಾರೆ. ಅವು ಮನುಷ್ಯನ ಕಣ್ಣಿಗೆ ಮಾಡಿದ ಅಳತೆ. ನಮ್ಮ ಕಣ್ಣಿಗೆ ಹಸಿರು ಚೆನ್ನಾಗಿ ಕಾಣುತ್ತದೆ, ಕಡು ಕೆಂಪು ಅಷ್ಟಕ್ಕಷ್ಟೇ. ಗಿಡಕ್ಕೆ ಆ ಕೆಂಪೇ ಮೃಷ್ಟಾನ್ನ. ಹಾಗಾಗಿ ಗಿಡದ ಬೆಳಕನ್ನು ಬೆಳಕಿನ ಕಣಗಳ ಎಣಿಕೆಯಲ್ಲಿ ಅಳೆಯುತ್ತಾರೆ: ಒಂದು ಚದರ ಮೀಟರಿಗೆ ಒಂದು ಸೆಕೆಂಡಿನಲ್ಲಿ ಎಷ್ಟು ಮೈಕ್ರೋಮೋಲ್ ಫೋಟಾನುಗಳು ಬಿದ್ದವು ಎಂದು. ನಡು ಮಧ್ಯಾಹ್ನದ ಬಿಸಿಲಿನಲ್ಲಿ ಅದು 2000ದ ಹತ್ತಿರ. ಲೆಟ್ಯೂಸಿಗೆ 200ರಿಂದ 250 ಸಾಕು. ಹೂ ಬಿಡುವ ಗಾಂಜಾಕ್ಕೆ 900ರ ಆಸುಪಾಸು ಕೊಡುತ್ತಾರೆ. ಬಿಳಿ ಎಲ್‌ಇಡಿಯಾದರೆ ಒಂದು ಮೈಕ್ರೋಮೋಲಿಗೆ ಸುಮಾರು 70 ಲಕ್ಸ್ ಎಂದು ಒರಟಾಗಿ ಇಟ್ಟುಕೊಳ್ಳಬಹುದು. ಕೆಂಪು ನೀಲಿ ಬೆರೆತ ನೇರಳೆ ದೀಪಕ್ಕೆ ಆ ಲೆಕ್ಕ ಪೂರಾ ತಪ್ಪುತ್ತದೆ. ಮೊಬೈಲಿನ ಲಕ್ಸ್ ಆಪ್ ನಂಬಿ ಲಕ್ಷಗಟ್ಟಲೆ ಹೂಡುವವರಿಗೆ ನಾನೇನೂ ಹೇಳುವುದಿಲ್ಲ.

ಇನ್ನೊಂದು ಅಳತೆ, ಇಡೀ ದಿನದ ಮೊತ್ತ. ತೋಟಕ್ಕೆ ಮಳೆ ಅಳೆದ ಹಾಗೆ: ಒಂದು ನಿಮಿಷ ಎಷ್ಟು ಜೋರು ಹೊಯ್ದಿತು ಎನ್ನುವುದಕ್ಕಿಂತ, ದಿನಕ್ಕೆ ಎಷ್ಟು ಬಿತ್ತು ಎಂಬುದು ಮುಖ್ಯ. 250 ಮೈಕ್ರೋಮೋಲ್ ಬೆಳಕನ್ನು 16 ಗಂಟೆ ಕೊಟ್ಟರೆ ದಿನಕ್ಕೆ ಚದರ ಮೀಟರಿಗೆ 14.4 ಮೋಲ್. ಲೆಟ್ಯೂಸಿಗೆ 12ರಿಂದ 17 ಒಳ್ಳೆಯದು. ಎಷ್ಟು ಗಂಟೆ ಎಂಬುದಕ್ಕೂ ಗಿಡಕ್ಕೂ ಬೇರೆ ಸಂಬಂಧವೂ ಉಂಟು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬಿಬ್ಬರು ಹೊಗೆಸೊಪ್ಪಿನ ಒಂದು ತಳಿ ಹಗಲು ಗಿಡ್ಡವಾದಾಗ ಮಾತ್ರ ಹೂ ಬಿಡುತ್ತದೆ ಎಂದು ತೋರಿಸಿದರು. ಸೇವಂತಿಗೆಯೂ ಅದೇ ಜಾತಿಯದ್ದು. ಹೊಸೂರಿನ ಕಡೆ ರಾತ್ರಿ ಸೇವಂತಿಗೆ ಹೊಲಗಳಲ್ಲಿ ಸಾಲು ಸಾಲು ಬಲ್ಬು ಉರಿಯುವುದನ್ನು ಬಸ್ಸಿನಿಂದ ನೋಡಿದವರಿಗೆ ಗೊತ್ತಿರಬಹುದು. ರಾತ್ರಿಯನ್ನು ತುಂಡರಿಸಿ, ಗಿಡ ಸಾಕಷ್ಟು ಎತ್ತರಕ್ಕೆ ಬರುವವರೆಗೆ ಮೊಗ್ಗನ್ನು ತಡೆಯುವ ಉಪಾಯ ಅದು. ಗಾಂಜಾದವರು 12 ಗಂಟೆ ಕಟ್ಟುನಿಟ್ಟಾಗಿ ಕತ್ತಲೆ ಮಾಡುವುದೂ ಇದೇ ಕಾರಣಕ್ಕೆ. ಲೆಟ್ಯೂಸಿಗೆ ಈ ಹಂಗಿಲ್ಲ.

ಭಾವನ ಕೋಣೆಯಲ್ಲಿ ಬೆಳೆ ಇರುವ ಜಾಗ 100 ಚದರ ಮೀಟರ್, ಎತ್ತರ 3 ಮೀಟರ್. ನೂರು ಚದರ ಮೀಟರಿಗೆ 250ರಂತೆ 25,000 ಮೈಕ್ರೋಮೋಲ್ ಬೇಕು. ದೀಪದಿಂದ ಹೊರಟದ್ದರಲ್ಲಿ ನೂರಕ್ಕೆ ಹದಿನೈದರಷ್ಟು ಗೋಡೆಗೆ, ದಾರಿಗೆ ಪೋಲು. ಒಳ್ಳೆಯ ಎಲ್‌ಇಡಿ ಒಂದು ಜೂಲ್ ಕರೆಂಟಿಗೆ 2.7 ಮೈಕ್ರೋಮೋಲ್ ಕೊಡುತ್ತದೆ. ಭಾಗಿಸಿದರೆ ಹೆಚ್ಚುಕಡಿಮೆ 11 ಕಿಲೋವಾಟ್. ಇಷ್ಟೇ ಜಾಗದಲ್ಲಿ ಗಾಂಜಾ ಇದ್ದಿದ್ದರೆ 39 ಕಿಲೋವಾಟ್ ಆಗುತ್ತಿತ್ತು. ಅತ್ತೆಯ ಮಗ ಕೆನಡಾದ ಚಳಿಗಾಲದಲ್ಲೂ ತಂಪು ಮಾಡುವ ಯಂತ್ರದ ಜೊತೆ ಯಾಕೆ ಗುದ್ದಾಡುತ್ತಾನೆ ಎಂಬುದು ಇಲ್ಲಿ ಅರ್ಥವಾಗುತ್ತದೆ.

ಈ 11 ಕಿಲೋವಾಟ್ ಎಲ್ಲಿಗೆ ಹೋಗುತ್ತದೆ? "ಎಲ್‌ಇಡಿ ತಂಪು ದೀಪ, ಬಿಸಿ ಬರುವುದಿಲ್ಲ" ಎಂದು ಮಾರಿದವರು ಭಾವನಿಗೆ ಹೇಳಿದ್ದರಂತೆ. ತಪ್ಪು. ದೀಪಕ್ಕೆ ಹೋದ ಕರೆಂಟಿನಲ್ಲಿ ಅರ್ಧದಷ್ಟು ಅಲ್ಲೇ ಬಿಸಿಯಾಗುತ್ತದೆ. ಉಳಿದರ್ಧ ಬೆಳಕಾಗಿ ಹೊರಟು, ಎಲೆಗೋ ನೆಲಕ್ಕೋ ಬಿದ್ದು ಅದೂ ಬಿಸಿಯಾಗುತ್ತದೆ. ಸೊಪ್ಪಿನ ರೂಪದಲ್ಲಿ ಉಳಿಯುವುದು ನೂರಕ್ಕೆ ಒಂದೆರಡು ಪಾಲು. ಎಲ್‌ಇಡಿಯ ಲಾಭ ಇರುವುದು ಅದೇ ಬೆಳಕಿಗೆ ಹಳೆಯ ಸೋಡಿಯಂ ದೀಪಕ್ಕಿಂತ ಕಡಿಮೆ ವಾಟ್ ಸಾಕು ಎನ್ನುವುದರಲ್ಲಿ. ವಾಟಿಗೆ ವಾಟ್ ಹೋಲಿಸಿದರೆ ಬಿಸಿ ಒಂದೇ. ಮುಚ್ಚಿದ ಕೋಣೆಯಲ್ಲಿ 11 ಕಿಲೋವಾಟ್ ದೀಪ ಉರಿಸುವುದೆಂದರೆ 1 ಕಿಲೋವಾಟಿನ ಹನ್ನೊಂದು ಇಸ್ತ್ರಿಪೆಟ್ಟಿಗೆಗಳನ್ನು ಒಟ್ಟಿಗೆ ಹಚ್ಚಿಟ್ಟ ಹಾಗೆ. ಒಂದು ಸಣ್ಣ ಉಪಾಯ ಉಂಟು: ದೀಪಕ್ಕೆ ಕರೆಂಟು ಹೊಂದಿಸಿಕೊಡುವ ಡ್ರೈವರ್ ಪೆಟ್ಟಿಗೆಗಳನ್ನು ಕೋಣೆಯ ಹೊರಗೆ ಇಡಬಹುದು. ನೂರಕ್ಕೆ ಐದಾರು ಪಾಲು ಬಿಸಿ ಒಳಗೆ ಬರುವುದೇ ತಪ್ಪುತ್ತದೆ.

ಒಂದು ಟನ್ ಎಂದರೆ 3.5 ಕಿಲೋವಾಟ್ ಬಿಸಿಯನ್ನು ಎತ್ತಿ ಹೊರಗೆ ಹಾಕುವ ಶಕ್ತಿ. 11 ಕಿಲೋವಾಟ್ ದೀಪ, ಫ್ಯಾನು ಪಂಪಿಗೆ 1, ಪಫ್ ಗೋಡೆ ದಾಟಿ ಬರುವುದು ಇನ್ನೊಂದು 1, ಒಟ್ಟು 13. ಮೂರೂಮುಕ್ಕಾಲು ಟನ್ ಆಯಿತು. ಭಾವ 4 ಟನ್ ಹಾಕಿಸಿದ್ದರು. ಗಣಿತದಲ್ಲಿ ತಪ್ಪಿಲ್ಲ. ಆದರೂ ಮಳೆ ಹೊಯ್ದದ್ದು ಹೇಗೆ?

ಇಲ್ಲಿ ನೀರು ಬರುತ್ತದೆ. ಸೊಪ್ಪಿಗೆ ಕೊಟ್ಟ ನೀರು ಸೊಪ್ಪಿನಲ್ಲಿ ಉಳಿಯುವುದು ಚೂರೇ ಚೂರು. ಉಳಿದದ್ದನ್ನೆಲ್ಲ ಎಲೆ ಆವಿಯಾಗಿ ಬಿಡುತ್ತದೆ. ಶಾಲೆಯಲ್ಲಿ ಬಾಷ್ಪವಿಸರ್ಜನೆ ಎಂದು ಬಾಯಿಪಾಠ ಮಾಡಿದ್ದೇವಲ್ಲ, ಅದೇ. ಭಾವನ ಕೋಣೆಯಲ್ಲಿ ಸೊಪ್ಪು ತುಂಬಿದ ಮೇಲೆ ದಿನಕ್ಕೆ 200 ಲೀಟರ್ ನೀರು ಟ್ಯಾಂಕಿನಿಂದ ಕಡಿಮೆಯಾಗುತ್ತಿತ್ತು. ಅದರಲ್ಲಿ 170 ಲೀಟರಿನಷ್ಟು ದೀಪ ಉರಿಯುವ 16 ಗಂಟೆಯಲ್ಲಿ, 30 ಲೀಟರ್ ಕತ್ತಲೆಯ 8 ಗಂಟೆಯಲ್ಲಿ. ಒಂದು ಲೀಟರ್ ನೀರು ಆವಿಯಾಗಲು 0.68 ಯೂನಿಟ್ (ಒಂದು ಯೂನಿಟ್ ಎಂದರೆ ಒಂದು ಕಿಲೋವಾಟ್ ಒಂದು ಗಂಟೆ) ಬಿಸಿ ಬೇಕು. ದೀಪದ 11 ಕಿಲೋವಾಟಿನಲ್ಲಿ 7ಕ್ಕಿಂತ ಹೆಚ್ಚನ್ನು ಈ ಆವಿಯೇ ನುಂಗುತ್ತದೆ. ಒಟ್ಟು ಹೊರೆ 13ರಲ್ಲೇ ಇರುತ್ತದೆ, ವೇಷ ಮಾತ್ರ ಬದಲಾಗುತ್ತದೆ. ಥರ್ಮಾಮೀಟರಿಗೆ ಕಾಣುವ ಬಿಸಿ 5.8 ಕಿಲೋವಾಟ್, ಆವಿಯೊಳಗೆ ಅಡಗಿ ಕೂತ ಗುಪ್ತೋಷ್ಣ 7.2.

ಎಸಿಯ ಥರ್ಮೋಸ್ಟಾಟಿಗೆ ಕಾಣುವುದು ಮೊದಲನೆಯದ್ದು ಮಾತ್ರ. ಅದು ಜನ ಕೂರುವ ಕೋಣೆಗೆ ಮಾಡಿದ ಯಂತ್ರ. ನೂರು ಪಾಲು ಕೆಲಸ ಮಾಡಿದರೆ ಎಪ್ಪತ್ತಕ್ಕೂ ಮಿಕ್ಕಿ ಗಾಳಿಯನ್ನು ತಂಪು ಮಾಡಲಿಕ್ಕೆ, ಉಳಿದ ಇಪ್ಪತ್ತೈದು ಮೂವತ್ತು ಪಾಲು ಪಸೆ ಹಿಂಡಲಿಕ್ಕೆ. 4 ಟನ್ ಎಸಿ 5.8 ಕಿಲೋವಾಟ್ ಬಿಸಿ ಎತ್ತಿದ ಕೂಡಲೇ "ನನ್ನ ಕೆಲಸ ಮುಗಿಯಿತು" ಎಂದು ಕಂಪ್ರೆಸರ್ ನಿಲ್ಲಿಸುತ್ತದೆ. ಅಷ್ಟರಲ್ಲಿ ಅದು ಹಿಂಡಿದ ನೀರು ಗಂಟೆಗೆ ಮೂರು ಮೂರೂವರೆ ಲೀಟರ್. ಎಲೆಗಳು ಬಿಡುತ್ತಿರುವುದು ಗಂಟೆಗೆ ಹತ್ತೂವರೆ. ಇನ್ನೂ ದೊಡ್ಡ ಎಸಿ ಹಾಕಿದರೆ ಇನ್ನೂ ಬೇಗ ನಿಲ್ಲುತ್ತದೆ, ಪಸೆ ಇನ್ನೂ ಹೆಚ್ಚುತ್ತದೆ. ಇದನ್ನು ಜನರಿಗೆ ನಂಬಿಸುವುದೇ ನನ್ನ ಕೆಲಸದ ಕಷ್ಟದ ಭಾಗ.

ದೀಪ ಆರಿದಾಗ ಬರುವುದು ನಿಜವಾದ ಅಪಾಯ. ಬಿಸಿಯ ಮೂಲ ಹೋಯಿತು, ಎಲೆಗಳು ಮಾತ್ರ ಗಂಟೆಗೆ ಮೂರೂಮುಕ್ಕಾಲು ಲೀಟರಿನಂತೆ ಬಿಡುತ್ತಲೇ ಇವೆ. ಆ ಆವಿ ಕೋಣೆಯ ಬಿಸಿಯನ್ನೇ ಹೀರಿಕೊಳ್ಳುವುದರಿಂದ ಎಸಿ ಚಾಲೂ ಆಗುವ ಪ್ರಸಂಗವೇ ಬರುವುದಿಲ್ಲ. 24 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ 21.8 ಗ್ರಾಂ ನೀರಾವಿ ಹಿಡಿದುಕೊಳ್ಳಬಲ್ಲದು. ಭಾವನ ಕೋಣೆಯ 300 ಘನ ಮೀಟರಿಗೆ ಆರೂವರೆ ಲೀಟರ್. ಶೇಕಡಾ 65 ಆರ್ದ್ರತೆ ಇರುವಾಗಲೇ ಅದರಲ್ಲಿ ನಾಲ್ಕೂಕಾಲು ಲೀಟರ್ ತುಂಬಿರುತ್ತದೆ. ಅಂದರೆ ಉಳಿದ ಜಾಗ ಎರಡೂಕಾಲು ಲೀಟರಿಗೆ. ದೀಪ ಆರಿ ಮುಕ್ಕಾಲು ಗಂಟೆ ಆಗುವುದರೊಳಗೆ ಗಾಳಿ ತುಂಬಿತು, ಆಮೇಲೆ ಎಲ್ಲಿ ತಣ್ಣಗಿನ ಮೈ ಸಿಕ್ಕಿತೋ ಅಲ್ಲಿ ಹನಿ. ಭಾವನ ದೀಪ ಆರುತ್ತಿದ್ದದ್ದು ಬೆಳಿಗ್ಗೆ ಆರಕ್ಕೆ. ಫೋನು ಬಂದದ್ದು ಏಳಕ್ಕೆ.

ಒದ್ದೆ ಎಲೆ, ಆಡದ ಗಾಳಿ ಸೇರಿದರೆ ಏನಾಗುತ್ತದೆ ಎಂದು ಅಡಿಕೆ ತೋಟದವರಿಗೆ ಹೇಳಿಕೊಡಬೇಕಾಗಿಲ್ಲ. ಕೊಳೆರೋಗಕ್ಕೆ ಮದ್ದು ಬಿಡಲು ಮಳೆ ಬಿಡುವನ್ನು ಕಾಯುತ್ತಾ ಕೂತವರು ನಾವು. ಇಲ್ಲಿ ಶಿಲೀಂಧ್ರ ಬೇರೆ, ನ್ಯಾಯ ಅದೇ. ಜೊತೆಗೆ ಇನ್ನೊಂದು ಸೂಕ್ಷ್ಮ ತೊಂದರೆ: ಗಾಳಿಯಲ್ಲಿ ಪಸೆ ಹೆಚ್ಚಾದರೆ ಎಲೆ ನೀರು ಬಿಡುವುದು ನಿಧಾನವಾಗುತ್ತದೆ, ನೀರಿನ ಜೊತೆ ಮೇಲೇರಬೇಕಾದ ಸುಣ್ಣದಂಶ ಎಳೆ ಎಲೆಯ ತುದಿಗೆ ಮುಟ್ಟುವುದಿಲ್ಲ. ಭಾವ ಒಂದು ಗಿಡ ಕಿತ್ತು ಕೈಗೆ ಕೊಟ್ಟರು. ಹೊರಗಿನ ಎಲೆಗಳು ಹೊಳೆಯುವ ಹಸಿರು. ಬಿಡಿಸಿ ನೋಡಿದರೆ ನಡುವಿನ ಪುಟ್ಟ ಎಲೆಗಳ ಅಂಚು ಬೀಡಿ ತಾಗಿದ ಹಾಗೆ ಕಂದು. ಹೋಟೆಲಿನವರು ವಾಪಸು ಕಳಿಸುವುದು ಇಂಥದ್ದನ್ನೇ. "ಗೊಬ್ಬರ ಕಡಿಮೆಯಾಯ್ತೋ ಅಂತ ಕ್ಯಾಲ್ಸಿಯಂ ಜಾಸ್ತಿ ಹಾಕಿದೆ," ಅಂದರು. ಟ್ಯಾಂಕಿನಲ್ಲಿ ಕ್ಯಾಲ್ಸಿಯಂ ಧಾರಾಳ ಇತ್ತು, ಮೇಲಕ್ಕೆ ಸಾಗಿಸುವ ಗಾಡಿ ನಿಂತಿತ್ತು.

ಶೇಕಡಾವಾರು ಆರ್ದ್ರತೆಗಿಂತ ಗಾಳಿಯ ಬಾಯಾರಿಕೆಯನ್ನು ನೋಡುವುದು ಒಳ್ಳೆಯದು. ಗಾಳಿ ಪೂರ್ತಿ ತುಂಬಿದರೆ ಇರುವ ಆವಿಯ ಒತ್ತಡಕ್ಕೂ ಈಗ ಇರುವುದಕ್ಕೂ ನಡುವಿನ ಅಂತರ ಅದು. 24 ಡಿಗ್ರಿಯಲ್ಲಿ ಆರ್ದ್ರತೆ 65 ಇದ್ದರೆ ಅಂತರ ಒಂದು ಕಿಲೋಪಾಸ್ಕಲ್. ಸೊಪ್ಪಿಗೆ 0.8ರಿಂದ 1ರ ಒಳಗೆ ಹಿತ. ಅದೇ 65 ಆರ್ದ್ರತೆ 30 ಡಿಗ್ರಿಯಲ್ಲಿ ಇದ್ದರೆ ಅಂತರ ಒಂದೂವರೆಗೆ ಏರುತ್ತದೆ. ಒಂದೇ ಶೇಕಡಾ, ಗಿಡಕ್ಕೆ ಬೇರೆ ಬೇರೆ ಹವಾಮಾನ.

"ಹಾಗಾದರೆ ಒಂದು ಎಕ್ಸಾಸ್ಟ್ ಫ್ಯಾನು ಹಾಕಿ ಪಸೆಯನ್ನು ಹೊರಗೆ ದೂಡಿದರೆ ಆಗದಾ?" ಇದು ಭಾವನ ಮುಂದಿನ ಪ್ರಶ್ನೆ. ಒಣ ಊರಿನಲ್ಲಾದರೆ ಸರಿಯಾದ ಪ್ರಶ್ನೆ. ನಮ್ಮ ಕರಾವಳಿಯಲ್ಲಿ ಹೊರಗಿನ ಗಾಳಿ 30 ಡಿಗ್ರಿ, ಆರ್ದ್ರತೆ 80 ಇದ್ದಾಗ ಅದರ ಇಬ್ಬನಿ ಬಿಂದು, ಎಂದರೆ ಆವಿ ನೀರಾಗತೊಡಗುವ ಉಷ್ಣತೆ, 26ರ ಮೇಲೆ. ಅಂದರೆ 24 ಡಿಗ್ರಿಯ ಕೋಣೆಗೆ ಬಂದ ಹೊರಗಾಳಿ ಒಳಗೆ ಕಾಲಿಟ್ಟಲ್ಲೇ ನೀರಾಗಿ ಇಳಿಯತೊಡಗುತ್ತದೆ. ಒಂದು ಘನ ಮೀಟರ್ ಹೊರಗಾಳಿ ನಮ್ಮ ಕೋಣೆಯ ಗಾಳಿಗಿಂತ ಸುಮಾರು 10 ಗ್ರಾಂ ಹೆಚ್ಚು ನೀರು ಹೊತ್ತು ತರುತ್ತದೆ. ಗೋಡೆಯ ಸಾಧಾರಣ ಎಕ್ಸಾಸ್ಟ್ ಫ್ಯಾನು ಗಂಟೆಗೆ ಸಾವಿರ ಘನ ಮೀಟರ್ ಬದಲಿಸಿದರೆ ಗಂಟೆಗೆ 10 ಲೀಟರ್ ನೀರು ಒಳಗೆ ಬಂತು. ಇನ್ನೊಂದು ತೋಟವನ್ನೇ ತಂದು ಕೋಣೆಯೊಳಗೆ ಇಟ್ಟ ಹಾಗಾಯಿತು. ಆಟಿಯಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಊರಿನಲ್ಲಿ ಹೊರಗಿನ ಗಾಳಿಯಿಂದ ಒಣಗಿಸಲು ಹೊರಡುವುದು ಹೇಗೆ?

ಅಕ್ಕಲಕೋಟೆಯ ಕಡೆಯ ಗೆಳೆಯನೊಬ್ಬ ಪಾಲಿಹೌಸಿಗೆ ಒದ್ದೆ ಪ್ಯಾಡಿನ ಕೂಲರ್ ಹಾಕಿ ಬೇಸಿಗೆ ಕಳೆಯುತ್ತಾನೆ. ಸೋಲಾಪುರ ಜಿಲ್ಲೆಯ ಮೇ ತಿಂಗಳು 40 ಡಿಗ್ರಿ ಇರಬಹುದು, ಆದರೆ ಆರ್ದ್ರತೆ 20 ಇದ್ದರೆ ಒದ್ದೆ ಪ್ಯಾಡು ಗಾಳಿಯನ್ನು 22 ಡಿಗ್ರಿಯ ಹತ್ತಿರದವರೆಗೂ ಎಳೆಯಬಲ್ಲದು. ಅವನ ಮಾತು ಕೇಳಿ ನಮ್ಮಲ್ಲಿ ಒಬ್ಬರು ಅದನ್ನೇ ತರಿಸಿದರು. ನಮ್ಮ 30 ಡಿಗ್ರಿ, 80 ಆರ್ದ್ರತೆಯಲ್ಲಿ ಅದು ಕೆಳಗಿಳಿಯುವುದು ಹೆಚ್ಚೆಂದರೆ 27ಕ್ಕೆ, ಅದೂ ಒದ್ದೆ ಮುದ್ದೆಯಾಗಿ. ಯಂತ್ರ ಕೊಳ್ಳುವ ಮೊದಲು ಊರಿನ ಗಾಳಿ ಕೇಳಬೇಕು.

ಹಾಗಾಗಿ ನಮ್ಮಲ್ಲಿ ಕೋಣೆಯನ್ನು ಡಬ್ಬಿಯ ಹಾಗೆ ಮುಚ್ಚುವುದೇ ದಾರಿ. ಮುಚ್ಚಿದರೆ ಗಿಡಗಳು ಒಳಗಿನ ಇಂಗಾಲದ ಡೈಆಕ್ಸೈಡನ್ನು ಬೇಗ ತಿಂದು ಮುಗಿಸುತ್ತವೆ. ಹೊರಗೆ ಹತ್ತು ಲಕ್ಷ ಪಾಲಿನಲ್ಲಿ 420ರಷ್ಟು ಇರುವ ಅನಿಲ ಅದು. ಸಿಲಿಂಡರಿನಿಂದ ಕೊಡುವವರಿದ್ದಾರೆ. ಕೊಡುವುದಾದರೆ ಅಲಾರಂ ಇಲ್ಲದೆ ಕೊಡಬೇಡಿ. ಸೋರಿದರೆ ವಾಸನೆಯಿಲ್ಲ, ಬಣ್ಣವಿಲ್ಲ, ಮುಚ್ಚಿದ ಕೋಣೆಯಲ್ಲಿ ಜೀವಕ್ಕೇ ಅಪಾಯ.

ಮುಚ್ಚುವುದು ಎಂದರೆ ಬಾಗಿಲು ಹಾಕುವುದಷ್ಟೇ ಅಲ್ಲ. ನಮ್ಮ ಮುರಕಲ್ಲಿನ ಗೋಡೆ ತೂತು ತೂತು, ಪಸೆ ಕುಡಿಯುತ್ತದೆ. ಹೊರಗೆ ಆವಿಯ ಒತ್ತಡ ಹೆಚ್ಚು, ಒಳಗೆ ಕಡಿಮೆ. ಗೋಡೆಯ ಮೂಲಕವೇ ಪಸೆ ಒಳಕ್ಕೆ ನಡೆದು ಬರುತ್ತದೆ. ಮುರಕಲ್ಲಿಗೆ ಒಳಗಿನಿಂದ ಬಣ್ಣ ಬಳಿದು ಎಸಿ ಹಾಕಿದ ಕೋಣೆಗಳಲ್ಲಿ ಒಂದೇ ಮಳೆಗಾಲಕ್ಕೆ ಬಣ್ಣ ಗುಳ್ಳೆ ಎದ್ದು ಉದುರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಪಸೆ ತಡೆಯುವ ಪದರ ಬೆಚ್ಚಗಿನ ಬದಿಯಲ್ಲಿ ಇರಬೇಕು. ಕೆನಡಾದಲ್ಲಿ ಅದು ಒಳಬದಿ, ನಮ್ಮಲ್ಲಿ ಹೊರಬದಿ. ಅಲ್ಲಿನ ಚಿತ್ರ ನೋಡಿ ಇಲ್ಲಿ ಕಟ್ಟಿಸುವವರು ಇದೊಂದನ್ನು ತಿರುಗಿಸಿಕೊಳ್ಳಲು ಮರೆಯುತ್ತಾರೆ. ಪ್ಯಾನೆಲಿನ ಸಂದುಗಳಿಗೆ, ಪೈಪು ವಯರು ಹೋಗುವ ತೂತುಗಳಿಗೆ ಸಿಲಿಕೋನ್ ಮೆತ್ತಲು ಒಂದು ದಿನ ಹೆಚ್ಚು ಹಿಡಿದರೂ ಸರಿ.

ಇನ್ನು ನೀರು ಹಿಂಡುವ ಯಂತ್ರ, ಡಿಹ್ಯೂಮಿಡಿಫೈಯರ್. ಇದು ಬೇರೇನಲ್ಲ, ಬಿಸಿಯನ್ನು ಹೊರಗೆ ಹಾಕದೆ ಕೋಣೆಯೊಳಗೇ ಬಿಡುವ ಎಸಿ. ಎಸಿ ಹುಟ್ಟಿದ್ದೇ ಈ ಕೆಲಸಕ್ಕೆ ಎಂದರೆ ಕೆಲವರಿಗೆ ಆಶ್ಚರ್ಯವಾಗುತ್ತದೆ. 1902ರಲ್ಲಿ ವಿಲ್ಲಿಸ್ ಕ್ಯಾರಿಯರ್ ನ್ಯೂಯಾರ್ಕಿನ ಬ್ರೂಕ್ಲಿನ್‌ನ ಒಂದು ಮುದ್ರಣಾಲಯಕ್ಕೆ ಯಂತ್ರ ರೂಪಿಸಿದ್ದು ಜನರಿಗೆ ಸೆಕೆಯಾಗುತ್ತದೆ ಎಂದಲ್ಲ, ಪಸೆಗೆ ಕಾಗದ ಹಿಗ್ಗಿ ಕುಗ್ಗಿ ಬಣ್ಣಗಳು ಒಂದರ ಮೇಲೊಂದು ಸರಿಯಾಗಿ ಕೂರುವುದಿಲ್ಲ ಎಂದು.

ಯಂತ್ರದ ಮೇಲೆ ಬರೆದ ಲೀಟರನ್ನು ನಂಬಬಾರದು. ಬಹಳಷ್ಟು ಕಡೆ ಅದು 30 ಡಿಗ್ರಿ, 80 ಆರ್ದ್ರತೆಯಲ್ಲಿ ಅಳೆದದ್ದು. ನಮ್ಮ ಕೋಣೆಯ 24 ಡಿಗ್ರಿ, 65ರಲ್ಲಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಮತ್ತೆ, ಅದು ಹಿಂಡುವ ಪ್ರತಿ ಲೀಟರಿಗೆ ಆವಿಯ 0.68 ಯೂನಿಟ್ ಬಿಸಿಯ ಜೊತೆ ತನ್ನದೇ ಅರ್ಧ ಯೂನಿಟನ್ನೂ ಕೋಣೆಗೆ ಸುರಿಯುತ್ತದೆ. ಆ ಬಿಸಿಗೆ ಎಸಿ ಹೆಚ್ಚು ಹೊತ್ತು ಓಡುತ್ತದೆ, ಓಡುವಾಗ ತಾನೂ ಒಂದಿಷ್ಟು ನೀರು ಹಿಂಡುತ್ತದೆ. ಎರಡೂ ಯಂತ್ರಗಳು ಹೀಗೆ ಒಂದನ್ನೊಂದು ದುಡಿಸಿಕೊಳ್ಳುತ್ತವೆ. ಲೆಕ್ಕ ಬಿಡಿಸಿದರೆ ಭಾವನ ಕೋಣೆಗೆ ದೀಪ ಉರಿಯುವಾಗ ಗಂಟೆಗೆ 4.3 ಲೀಟರ್ ಡಿಹ್ಯೂಮಿಡಿಫೈಯರ್ ಪಾಲಿಗೆ, 6.3 ಲೀಟರ್ ಎಸಿಯ ಪಾಲಿಗೆ. ಎಸಿ 4.3 ಟನ್ ಆಯಿತು. ಡಿಹ್ಯೂಮಿಡಿಫೈಯರ್ ದಿನಕ್ಕೆ ನಿಜವಾಗಿ 100 ಲೀಟರ್ ಹಿಂಡಬೇಕು, ಅಂದರೆ ಡಬ್ಬಿಯ ಮೇಲೆ 200 ಎಂದು ಬರೆದದ್ದು ಬೇಕು. ಐದು ಟನ್ನಿನ ಒಂದೇ ಯಂತ್ರದ ಬದಲು ಎರಡು ಟನ್ನಿನ ಮೂರು ಹಾಕಿಸಿದೆ. ಒಂದು ಕೈಕೊಟ್ಟರೂ ಮೆಕ್ಯಾನಿಕ್ ಬರುವವರೆಗೆ ಬೆಳೆ ಬದುಕುತ್ತದೆ. ಆ ಮೆಕ್ಯಾನಿಕ್ ನಾನೇ ಆದ್ದರಿಂದ ಆ ಹೊತ್ತು ಎಷ್ಟಾಗಬಹುದು ಎಂಬ ಅಂದಾಜು ನನಗಿದೆ.

ದೀಪದ ಸಮಯವನ್ನೂ ಬದಲಿಸಿದೆವು. ಮುಚ್ಚಿದ ಕೋಣೆಯ ಗಿಡಕ್ಕೆ ಸೂರ್ಯ ಎದ್ದನೋ ಮಲಗಿದನೋ ಗೊತ್ತಿಲ್ಲ, ನಾವು ಹೇಳಿದ್ದೇ ಹಗಲು. ಮೊದಲು ಮಧ್ಯಾಹ್ನ 2ರಿಂದ ಬೆಳಿಗ್ಗೆ 6ರವರೆಗೆ ಉರಿಸುತ್ತಿದ್ದರು. ಈಗ ರಾತ್ರಿ 10ಕ್ಕೆ ಹಚ್ಚಿ ಮರುದಿನ ಮಧ್ಯಾಹ್ನ 2ಕ್ಕೆ ಆರಿಸುತ್ತೇವೆ. ಶೆಡ್ಡಿನ ತಗಡು ಕಾದು ಕೆಂಡವಾಗುವ ಮಧ್ಯಾಹ್ನದ ನಂತರದ ಹೊತ್ತು, ಸಂಜೆ 6ರಿಂದ 10ರವರೆಗಿನ ಎಲ್ಲರೂ ಕರೆಂಟು ಎಳೆಯುವ ಹೊತ್ತು, ಎರಡೂ ಕತ್ತಲೆಯ ಎಂಟು ಗಂಟೆಯೊಳಗೆ ಬಂದವು. ಸಮಯ ನೋಡಿ ದರ ಹಾಕುವ ಕನೆಕ್ಷನ್ ಇದ್ದವರಿಗೆ ಬಿಲ್ಲಿನಲ್ಲೂ ಕಾಣುತ್ತದೆ. ನಮ್ಮ ಗುಡ್ಡದ ಕಡೆ ಸಂಜೆ ವೋಲ್ಟೇಜು ಬೀಳುವಾಗ ಕಂಪ್ರೆಸರ್ ಗೊರಗೊರ ಅನ್ನುವುದೂ ತಪ್ಪಿತು.

ಕರೆಂಟಿನ ಕೆಲಸದವರಿಗೆ ಎರಡೇ ಮಾತು. ನೂರಾರು ಎಲ್‌ಇಡಿ ಡ್ರೈವರುಗಳು ಒಟ್ಟಿಗೆ ಹತ್ತುವ ಕ್ಷಣದಲ್ಲಿ ಎಳೆಯುವ ಕರೆಂಟು ಬಹಳ, ಮನೆಯ ಸಾಧಾರಣ ಎಂಸಿಬಿ ಬಿದ್ದೇ ಬೀಳುತ್ತದೆ. ದೀಪಗಳನ್ನು ಸಾಲು ಸಾಲಾಗಿ ಕೆಲವು ಸೆಕೆಂಡು ಬಿಟ್ಟು ಹಚ್ಚಿ. ತ್ರೀ ಫೇಸಿನಲ್ಲಿ ನ್ಯೂಟ್ರಲ್ ವಯರನ್ನು ಸಪೂರ ಎಳೆಯಬೇಡಿ, ಇಂಥ ಲೋಡಿನಲ್ಲಿ ಅದೂ ಬಿಸಿಯಾಗುತ್ತದೆ.

ಆದರೆ ಮರೆಯಬಾರದ ವಯರು ಬೇರೆ. ಎಸಿ ನಿಂತು ದೀಪ ಉರಿಯುತ್ತಲೇ ಇದ್ದರೆ? 300 ಘನ ಮೀಟರ್ ಗಾಳಿಯ ತೂಕ 360 ಕಿಲೋ. ಗಿಡಗಳು ಆವಿ ಬಿಟ್ಟು ಸಹಕರಿಸಿದರೂ ಕೋಣೆ ನಿಮಿಷಕ್ಕೆ ಒಂದೊಂದು ಡಿಗ್ರಿಯಂತೆ ಏರತೊಡಗುತ್ತದೆ. ಗಾಳಿ ತುಂಬಿ ಆವಿ ಬಿಡುವುದು ನಿಂತರೆ ಇನ್ನೂ ಬೇಗ. ರಾತ್ರಿ ಒಂದು ಗಂಟೆಗೆ ಎಸಿಯ ಫೇಸ್ ಹೋದರೆ ಬೆಳಿಗ್ಗೆ ಬಾಗಿಲು ತೆರೆಯುವಾಗ ಬೇಯಿಸಿದ ಸೊಪ್ಪು. ಆದ್ದರಿಂದ ದೀಪಗಳನ್ನು ಹಚ್ಚಿ ಆರಿಸುವ ದೊಡ್ಡ ಸ್ವಿಚ್ಚಿಗೆ, ಅಂದರೆ ಕಾಂಟ್ಯಾಕ್ಟರಿಗೆ, ಒಂದು ಪ್ರತ್ಯೇಕ ಥರ್ಮೋಸ್ಟಾಟ್ ಹಾಕಿ, ಕೋಣೆ 30 ದಾಟಿದರೆ ದೀಪ ತಾನಾಗಿ ಆರುವ ಹಾಗೆ ಮಾಡಬೇಕು. ಕೆಲವು ಸಾವಿರ ರೂಪಾಯಿಯ ಕೆಲಸ. ಕತ್ತಲೆಯಲ್ಲಿ ಒಂದು ರಾತ್ರಿ ಕಳೆದರೆ ಲೆಟ್ಯೂಸ್ ಸಾಯುವುದಿಲ್ಲ.

ಖರ್ಚು ಹೇಳದಿದ್ದರೆ ಭಾವ ಬಿಡುವುದಿಲ್ಲ. ದೀಪಕ್ಕೆ ದಿನಕ್ಕೆ 176 ಯೂನಿಟ್, ಎಸಿಗೆ 90, ನೀರು ಹಿಂಡಲು 50, ಫ್ಯಾನು ಪಂಪಿಗೆ 24. ಒಟ್ಟು 340. ಯೂನಿಟಿಗೆ 8 ರೂಪಾಯಿ ಹಿಡಿದರೆ ದಿನಕ್ಕೆ 2,700 ಚಿಲ್ಲರೆ. ಸೊಪ್ಪು ಬರುವುದು ದಿನಕ್ಕೆ ಸರಾಸರಿ 10 ಕಿಲೋ. ಬೀಜ, ಗೊಬ್ಬರ, ಆಳು, ಬ್ಯಾಂಕಿನ ಬಡ್ಡಿ ಯಾವುದೂ ಸೇರಿಸದೆ ಕಿಲೋಗೆ 270 ರೂಪಾಯಿ ಬರೀ ಕರೆಂಟು. ನನ್ನ ಅಭಿಪ್ರಾಯ ಕೇಳಿದರೆ, ಊಟಿಯಿಂದ ಲಾರಿಯಲ್ಲಿ ಬರುವ ಲೆಟ್ಯೂಸಿನ ಜೊತೆ ಈ ಲೆಟ್ಯೂಸ್ ಕುಸ್ತಿ ಆಡಲಾರದು. ಹೊರದೇಶಗಳಲ್ಲಿ ಇಂಥ ಕೋಣೆಗಳನ್ನು ಗಾಂಜಾ ತುಂಬಿಕೊಂಡದ್ದು ಇದೇ ಕಾರಣಕ್ಕೆ. ಗ್ರಾಂ ಲೆಕ್ಕದಲ್ಲಿ ಮಾರುವ ಮಾಲಿಗೆ ಮಾತ್ರ ಈ ಬಿಲ್ಲು ತಡೆಯುತ್ತದೆ. ಭಾವನಿಗೆ ಇದನ್ನು ಕಾಗದದಲ್ಲಿ ಬರೆದುಕೊಟ್ಟೆ. ಎರಡು ದಿನ ಮಾತಾಡಲಿಲ್ಲ. ಮೂರನೇ ದಿನ ಫೋನು ಮಾಡಿ, ಅರ್ಧ ಸಾಲಿಗೆ ಲೆಟ್ಯೂಸ್ ತೆಗೆದು ಹೋಟೆಲಿನವರೇ ಹೆಚ್ಚು ಬೆಲೆ ಕೊಡುವ ಇಟಲಿಯ ತುಳಸಿ ಹಾಕುತ್ತೇನೆ, ಉಳಿದರ್ಧ ಸಾಲಿನ ದೀಪ ಸದ್ಯಕ್ಕೆ ಆರಿಸಿಡುತ್ತೇನೆ ಎಂದರು. ಅರ್ಧ ದೀಪಕ್ಕೆ ಎಲ್ಲ ಲೆಕ್ಕವನ್ನೂ ಮತ್ತೆ ಮಾಡಿದೆ.

ಎಸಿ ಮತ್ತು ಡಿಹ್ಯೂಮಿಡಿಫೈಯರಿನ ನೀರಿನ ಪೈಪುಗಳನ್ನು ಒಟ್ಟು ಸೇರಿಸಿ ಶೆಡ್ಡಿನ ಹಿಂದೆ 200 ಲೀಟರಿನ ನೀಲಿ ಡ್ರಮ್ಮಿಗೆ ಬಿಟ್ಟಿದ್ದೇವೆ. ಇದು ಲವಣವಿಲ್ಲದ ನೀರು, ಗೊಬ್ಬರ ಕಲಸಲು ಬಾವಿ ನೀರಿಗಿಂತ ಚೆನ್ನ. ಕಾಯಿಲಿನ ಲೋಹ, ಧೂಳು, ಲೋಳೆ ಸೇರಿರುವುದರಿಂದ ಕುಡಿಯಲಿಕ್ಕಲ್ಲ, ಸೊಪ್ಪಿನ ಟ್ಯಾಂಕಿಗೆ ಹಿಂದಿರುಗಿಸುವುದಾದರೆ ಸೋಸಿ ಹಾಕಬೇಕು. ಪೂರಾ ಬೆಳೆ ಇದ್ದಾಗ ಡ್ರಮ್ಮು ದಿನಕ್ಕೊಮ್ಮೆ ತುಂಬುತ್ತಿತ್ತು, ಈಗ ಎರಡು ದಿನಕ್ಕೊಮ್ಮೆ. ಗುಡ್ಡೆಗೆ ಅಡ್ಡ ಕೊರೆದ ಸುರಂಗದಿಂದ, ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ನೀರು ಇಳಿಸಿಕೊಂಡು ಬದುಕಿದ ಮನೆ ಅದು. ಭಾವನ ಅಮ್ಮ ಒಂದು ಸಂಜೆ ಬಂದು ಆ ಪೈಪಿನ ಬಾಯಿಗೆ ಕೈ ಒಡ್ಡಿ ನೋಡಿದರು. "ಸುರಂಗದ ನೀರಿನ ಹಾಗೇ ತಣ್ಣಗುಂಟು. ಗುಡ್ಡೆ ಎಲ್ಲಿ ಉಂಟು ಇದಕ್ಕೆ?" ಎಂದು ಕೇಳಿದರು.